ತಡೆಹನಿ

ನಮ್ಮೂರಿನಲ್ಲಿ ಯಾರೂ ಕತ್ತಲಲ್ಲಿ ಬಾಯಿ ತೆರೆದು ನಗುವುದಿಲ್ಲ. ನಕ್ಕರೆ ಕೆನ್ನೆಯ ಒಳಭಾಗ ಹಸಿರಾಗಿ ಮಿನುಗುವುದು ಎದುರಿನವರಿಗೆ ಕಾಣುತ್ತದೆ. ಹೆಣ್ಣು ನೋಡಲು ಬಂದವರು ಕಿಟಕಿ ಮುಚ್ಚಿಸಿ ಹುಡುಗಿಯಿಂದ ಹಾಡು ಹೇಳಿಸುತ್ತಾರೆ. ಹುಡುಗಿಯ ಕಡೆಯವರೇನು ಕಡಿಮೆಯೆ, ಹುಡುಗನಿಗೆ ಆಕಳಿಕೆ ಬರುವ ತನಕ ಊರ ಪುರಾಣವನ್ನೆಲ್ಲ ಹೇಳಿ ಕೂರಿಸಿರುತ್ತಾರೆ.

ಮಿನುಗುವುದು ಬೇರೇನಲ್ಲ, ಕಸ. ಮೈಯ ಒಂದೊಂದು ಜೀವಕೋಶದಲ್ಲೂ ಹಗಲೂ ಇರುಳೂ ಪ್ರೋಟೀನು ತಯಾರಾಗುತ್ತಲೇ ಇರುತ್ತದೆ. ಅದು ದಾರದ ಹಾಗೆ ಹೊರಗೆ ಬಂದು ತನ್ನಷ್ಟಕ್ಕೆ ಮಡಿಚಿಕೊಳ್ಳಬೇಕು. ಸರಿಯಾಗಿ ಮಡಿಚಿಕೊಂಡದ್ದು ಕೆಲಸಕ್ಕೆ ಹೋಗುತ್ತದೆ. ತಪ್ಪಾಗಿ ಮಡಿಚಿಕೊಂಡದ್ದಕ್ಕೆ ಜೀವಕೋಶವೇ ಒಂದು ಚೀಟಿ ಅಂಟಿಸುತ್ತದೆ, ಚೀಟಿ ಅಂಟಿದ್ದನ್ನು ಒಳಗಿರುವ ಗಿರಣಿ ಪುಡಿ ಮಾಡುತ್ತದೆ. ಬೇರೆ ಊರುಗಳಲ್ಲಿ ಈ ಕಸ ಕಣ್ಣಿಗೆ ಕಾಣುವುದಿಲ್ಲವಂತೆ. ಅವರ ಪುಣ್ಯ.

ಕಸ ಎಲ್ಲರಲ್ಲೂ ಇರುತ್ತದೆ, ಎಲ್ಲರ ಮನೆ ದೋಸೆಯೂ ತೂತೇ. ನಮಗೆ ಬೇಕಾದದ್ದು ಅದು ಎಷ್ಟು ಬೇಗ ಕರಗುತ್ತದೆ ಎನ್ನುವುದು. ಮಿನುಗು ಅರ್ಧಕ್ಕೆ ಇಳಿಯಲು ಹಿಡಿಯುವ ನಿಮಿಷಗಳಿಗೆ ನಾವು ಅರ್ಧವೇಳೆ ಎನ್ನುತ್ತೇವೆ. ಊರಿನವರೆಲ್ಲ ವರ್ಷಕ್ಕೊಮ್ಮೆ ಅಳತೆಮನೆಗೆ ಬಂದು ಅಳೆಸಿಕೊಳ್ಳಬೇಕು. ಬಂದ ಅಂಕಿಯೇ ಆ ವರ್ಷದ ಹೆಸರು. ಹದಿನೆಂಟರ ಕೆಂಚಮ್ಮ, ಇಪ್ಪತ್ತಾರರ ಸಿಂಗ್ರಯ್ಯ, ಹೀಗೆ. ನಾನು ಇಪ್ಪತ್ತೊಂದರ ಪುಟ್ಟೀರಮ್ಮ, ಇಪ್ಪತ್ತೆರಡು ವರ್ಷದಿಂದ ಊರಿನ ಅಳತೆಗಾರ್ತಿ. ಅಂಕಿ ನಲವತ್ತು ದಾಟಿದವರ ಬಲ ಮಣಿಕಟ್ಟಿಗೆ ಅಳೆದ ದಿನವೇ ದೀಪ ಹಚ್ಚುವುದರೊಳಗೆ ಒಂದು ಬಿಳಿಪಟ್ಟಿ ಕಟ್ಟುತ್ತೇವೆ, ಆಮೇಲೆ ಅವರನ್ನು ಮತ್ತೆ ಅಳೆಯುವುದಿಲ್ಲ. ಕಸ ಕರಗದವರ ಕೈ ಇಂದಲ್ಲ ನಾಳೆ ನಡುಗುತ್ತದೆ. ಆದ್ದರಿಂದ ಪಟ್ಟಿ ಕಟ್ಟಿಸಿಕೊಂಡವರು ಇನ್ನೊಬ್ಬರ ಜೀವ ತೂಗುವ ಯಾವುದನ್ನೂ ಮುಟ್ಟುವಂತಿಲ್ಲ. ಕಂದರದ ಮೇಲೆ ಜನರನ್ನು ದಾಟಿಸುವ ಬುಟ್ಟಿಯ ಹಗ್ಗ, ಕ್ಷೌರದ ಕತ್ತಿ, ಎಳೆಗೂಸು, ಯಾವುದನ್ನೂ.

ಅಳತೆಯ ಕ್ರಮ ಹೀಗೆ. ಕೆನ್ನೆಯ ಒಳಗಿನಿಂದ ಒಂದಿಷ್ಟು ಕೆರೆದು ಬಟ್ಟಲಿಗೆ ಹಾಕುತ್ತೇನೆ. ಬಟ್ಟಲನ್ನು ಬಿಸಿನೀರಿನ ಮೇಲೆ ಹಿಡಿದರೆ ಪ್ರೋಟೀನುಗಳು ಕಂಗೆಟ್ಟು ತಪ್ಪಾಗಿ ಮಡಿಚಿಕೊಳ್ಳುತ್ತವೆ, ಮಿನುಗು ಏರುತ್ತದೆ. ಆಗ ತಡೆಹನಿ ಬೀಳಬೇಕು. ಜೇಡಿಮಣ್ಣಿನ ಬೂಷ್ಟಿನಿಂದ ಇಳಿಸಿದ ಔಷಧ ಅದು. ಬಿದ್ದ ಕೂಡಲೆ ಜೀವಕೋಶ ಹೊಸ ಪ್ರೋಟೀನು ಮಾಡುವುದನ್ನು ನಿಲ್ಲಿಸುತ್ತದೆ, ಇದ್ದದ್ದನ್ನು ಪುಡಿ ಮಾಡುವ ಕೆಲಸ ಮಾತ್ರ ನಡೆಯುತ್ತದೆ. ತೊಟ್ಟಿಯ ತೂತು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಮೊದಲು ಮೇಲಿನ ನಲ್ಲಿ ನಿಲ್ಲಿಸಬೇಕಲ್ಲ, ಹಾಗೆ. ಆಮೇಲೆ ಬಟ್ಟಲನ್ನು ಕತ್ತಲೆಪೆಟ್ಟಿಗೆಯೊಳಗಿಟ್ಟು, ಹತ್ತು ಹತ್ತು ನಿಮಿಷಕ್ಕೆ ಭೂತಗನ್ನಡಿಯಲ್ಲಿ ನೋಡಿ, ನೂರರಿಂದ ಸೊನ್ನೆಯ ತನಕ ಇರುವ ಹಸಿರು ಗಾಜಿನ ಚೂರುಗಳ ಜೊತೆ ಹೋಲಿಸಿ ಬರೆಯುತ್ತೇನೆ. ಐವತ್ತರ ಚೂರಿನ ಹತ್ತಿರ ಬರುವಾಗ ಕಣ್ಣು ತೆಗೆಯುವುದಿಲ್ಲ.

ತಡೆಹನಿಯನ್ನು ಮಾತ್ರ ನಾನು ಹಾಕುವ ಹಾಗಿಲ್ಲ. ಅಳತೆಗಾರ್ತಿ ಮೋಸ ಮಾಡಿದಳು ಎಂದು ನಾಳೆ ಯಾರೂ ಅನ್ನಬಾರದು. ಆದ್ದರಿಂದ ಅಳೆಸಿಕೊಳ್ಳುವವರ ರಕ್ತಸಂಬಂಧಿ ಅಥವಾ ಕೈಹಿಡಿದವರೇ ಹನಿ ಹಾಕಬೇಕು. ನಮ್ಮ ಹಿರಿಯರು ತುಂಬ ಯೋಚನೆ ಮಾಡಿ ಇಟ್ಟ ಪದ್ಧತಿಯಂತೆ. ಯೋಚನೆ ಮಾಡಿದವರಿಗೆ ಮಕ್ಕಳಿರಲಿಲ್ಲವೋ ಏನೋ.

ಕೆಂಚಮ್ಮ ನಮ್ಮ ಬೀದಿಯ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಗೆ ಬಿದ್ದು ಕಣ್ಣು ಬಿಟ್ಟವರು. ಹನ್ನೆರಡು ವರ್ಷ ಹದಿನೆಂಟರಿಂದ ಅಲುಗಿರಲಿಲ್ಲ. ಈ ಸಲ ಅವಳು ಅಳತೆಗೆ ಬಂದಾಗ ಹನಿ ಹಾಕಲು ಜೊತೆಗೆ ಬಂದವಳು ಅವಳಿಗಿರುವ ಒಬ್ಬಳೇ ರಕ್ತಸಂಬಂಧಿ, ಮಗಳು ದೇವೀರಿ. ತುಂಬಿದ ಬಸುರಿ, ದಿನ ಹತ್ತಿರವಾಗಿತ್ತು. ಕೂಸು ಕಾಲು ಮುಂದಾಗಿ ಕೂತಿದೆ ಎಂದು ಕೆಂಚಮ್ಮನಿಗೆ ಮುಟ್ಟಿ ಗೊತ್ತಾಗಿತ್ತು. ಅಂಥ ಕೂಸನ್ನು ತಿರುಗಿಸಿ ತರುವ ಕೈ ಈ ದಡದಲ್ಲಿ ಅವಳದೊಂದೇ. ಇನ್ನೊಬ್ಬಳು ಸೂಲಗಿತ್ತಿ ಕಂದರದಾಚೆ ಇದ್ದಾಳೆ, ಮಧ್ಯಾಹ್ನದ ಗಾಳಿ ಎದ್ದ ಮೇಲೆ ಮರುದಿನ ಬೆಳಗಿನ ತನಕ ಬುಟ್ಟಿ ಓಡುವುದಿಲ್ಲ.

ಅಂದು ಬೆಳಿಗ್ಗೆ ಬಟ್ಟಲು ಪೆಟ್ಟಿಗೆಯೊಳಗೆ ಹೋದಾಗ ಮಿನುಗು ನೂರು. ಹತ್ತು ನಿಮಿಷಕ್ಕೆ ನೂರನ್ನೂ ಮೀರಿತ್ತು. ಎರಡು ಚೂರು ಸೇರಿಸಿ ಹಿಡಿದು ನೂರ ಆರು ಎಂದು ಬರೆದೆ. ಗಾಜು ಮಸುಕಾಗಿರಬೇಕೆಂದು ಸೆರಗಿನಿಂದ ಒರೆಸಿದೆ. ಇಪ್ಪತ್ತಕ್ಕೆ ತೊಂಬತ್ತೆಂಟು, ಮೂವತ್ತಕ್ಕೆ ಎಂಬತ್ತೈದು. ಅರ್ಧಕ್ಕೆ ಬಂದಾಗ ಐವತ್ತೆರಡು ನಿಮಿಷ ಕಳೆದಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಕಾಲು ತಾನಾಗಿ ಹೊಸ್ತಿಲಿಗೆ ಹೋಯಿತು, ಬಾಯಿ ತಾನಾಗಿ ಕೂಗಿತು. “ಐವತ್ತೆರಡು.”

ಜಗಲಿಯಲ್ಲಿದ್ದವರು ಕೆಂಚಮ್ಮನ ಕಡೆ ತಿರುಗಿದರು. ಕೆಂಚಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಎದ್ದು ಮನೆಗೆ ಹೋದಳು. ದೇವೀರಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. “ಐವತ್ತೆರಡು ಹೆಂಗಾಯ್ತದೆ ಅತ್ತೆ? ನಾನು…” ಎಂದವಳು ಮಾತು ನುಂಗಿಕೊಂಡು ತಾಯಿಯ ಹಿಂದೆ ಹೋದಳು.

ಊಟಕ್ಕೆ ಕೂತೆ. ಮುದ್ದೆ ಮುರಿಯುತ್ತ ಆ ನೂರ ಆರನ್ನೇ ಲೆಕ್ಕ ಹಾಕುತ್ತಿದ್ದೆ. ನಿಧಾನದ ಮೈಯಾದರೆ ಮಿನುಗು ನಿಧಾನವಾಗಿ ಇಳಿಯುತ್ತದೆ, ಅಷ್ಟೆ. ತಡೆಹನಿ ಬಿದ್ದ ಮೇಲೆ ಏರಲು ಸಾಧ್ಯವೇ ಇಲ್ಲ, ಏರುವುದಕ್ಕೆ ಹೊಸದು ಎಲ್ಲಿಂದ ಬರಬೇಕು? ಕೈ ತೊಳೆದು ಅಳತೆಮನೆಗೆ ಹೋಗಿ ಬಟ್ಟಲಿಡುವ ಮರದ ತಟ್ಟೆಯನ್ನು ಬೆಳಕಿಗೆ ಹಿಡಿದೆ. ತಡೆಹನಿ ಮರಕ್ಕೆ ತಾಗಿದರೆ ಬಿಳಿ ಕಲೆ ಉಳಿಯುತ್ತದೆ. ಬಟ್ಟಲಿನ ಎಡಕ್ಕೆ ಸಾಸಿವೆಯಷ್ಟು ಹೊಸ ಕಲೆ ಇತ್ತು.

ಅದರ ಪಕ್ಕದಲ್ಲಿ ಹಳೆಯದೊಂದು ಕಲೆಯೂ ಇದೆ. ಅದರ ಮೇಲೆ ನಾನು ಯಾವಾಗಲೂ ಗಾಜು ಒರೆಸುವ ಬಟ್ಟೆ ಇಟ್ಟಿರುತ್ತೇನೆ.

ಕೆಂಚಮ್ಮನ ಮನೆಗೆ ಓಡಿದೆ. ದೇವೀರಿ ಹೊರಗಿನ ಕೋಣೆಯ ಗೋಡೆಗೆ ಒರಗಿ ಸೊಂಟ ಹಿಡಿದುಕೊಂಡು ಕೂತಿದ್ದಳು. “ಹನಿ ಎಲ್ಲಿ ಬಿಟ್ಟೆ?” ಎಂದೆ.

“ಬಟ್ಟಲಿಗೇ.”

“ದೇವೀರಿ, ತಟ್ಟೆ ನೋಡ್ಕೊಂಡು ಬಂದಿವ್ನಿ ಕಣೆ.”

ಅವಳು ಅಳಲು ಶುರು ಮಾಡಿದಳು. “ಆ ಹನಿ ಕೋಶದ ಕೈ ಕಟ್ಟಾಕ್ತದೆ ಅಂತ ನೀನೇ ಹೇಳ್ತಿದ್ದೆಯಲ್ಲ ಅತ್ತೆ. ಅವ್ವ ಈಗೀಗ ತುಂಬ ಸುಸ್ತು ಅಂತಿದ್ಲು. ಎಲ್ಲಿ ನಲವತ್ತು ದಾಟಿ ನನ್ನ ಕೂಸು ಮುಟ್ಟದಂಗಾಯ್ತದೋ ಅಂತ ಹೆದರಿಕೆ ಆಯ್ತು. ಅದರ ಕೈ ಕಟ್ಟದೆ ಬುಟ್ರೆ ಚೆನ್ನಾಗಿ ಕೆಲಸ ಮಾಡಿ ಬೇಗ ಕರಗಿಸ್ತದೆ ಅಂತ ಅನ್ಕೊಂಡೆ. ಅಂಚಿಗೆ ತಾಗಿಸಿ ಆಚೆ ಬುಟ್ಟೆ.”

ನನಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಆ ಮಾತುಗಳನ್ನು ನಾನು ಮೊದಲೇ ಕೇಳಿದ್ದೆ, ನನ್ನ ತಲೆಯೊಳಗೇ, ಹದಿನಾರನೆಯ ವಯಸ್ಸಿನಲ್ಲಿ. “ಕೆಲಸ ಮಾಡ್ತದೆ ಕಣವ್ವ, ಎರಡೂ ಕೆಲಸ ಮಾಡ್ತದೆ. ಕರಗಿಸ್ತಾನೂ ಇರ್ತದೆ, ಹೊಸ ಕಸ ತುಂಬ್ತಾನೂ ಇರ್ತದೆ. ಕಸ ಇಳಿಯೋದೇ ಇಲ್ಲ ಅಂತ ನಾವು ನೋಡ್ತಾ ಕೂರ್ತೀವಿ. ಎದ್ದು ಬಾ, ಇನ್ನೊಂದು ಸಲ ಅಳೀಬೇಕು” ಎಂದೆ.

“ಏಳೋಕಾಗ್ತಿಲ್ಲ ಅತ್ತೆ. ಬೆಳಿಗ್ಗೆಯಿಂದ ನೋಯ್ತಾ ಐತೆ.”

ಮಗಳ ನೋವು ಒಳಮನೆಯಲ್ಲಿದ್ದ ಕೆಂಚಮ್ಮನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಅವಳು ಬಾಗಿಲಿಗೆ ಬಂದು ನಿಂತಳು, ಕೈ ಇನ್ನೂ ಸೆರಗಿನೊಳಗೇ ಇತ್ತು. ನಡೆದದ್ದನ್ನೆಲ್ಲ ಹೇಳಿದೆ. “ಪಟ್ಟಿ ಇನ್ನೂ ಕಟ್ಟಿಲ್ಲವಲ್ಲ ಕೆಂಚಿ. ಕೂಸು ತಿರುಗಿಸು. ಅಳತೆ ಸುಳ್ಳು.”

“ಸುಳ್ಳು ಅಂತ ನೀನು ಅಂತೀಯ. ನಿಜ ಎಷ್ಟು?”

“ಅದು ಅಳೆದ್ರೆ ಗೊತ್ತಾಗೋದು.”

“ಹಂಗಾದ್ರೆ ಅಳಿ.” ಕೈಗಳನ್ನು ಹೊರಗೆ ತೆಗೆದು ನನ್ನ ಮುಂದೆ ಹಿಡಿದಳು. “ಹೋದ ತಿಂಗಳು ಕುಂಬಾರರ ಮನೇಲಿ ಹೊಕ್ಕುಳ ಕಟ್ಟೋವಾಗ ದಾರ ಎರಡು ಸಲ ಜಾರ್ತು. ಯಾರಿಗೂ ಹೇಳಿಲ್ಲ. ಈ ಕೈ ನಂದು ಅಂತ ನಂಬಿಕೆ ಇಲ್ಲದೆ ಮಗಳ ಹೊಟ್ಟೆಗೆ ಹಾಕಲ್ಲ ನಾನು. ಕೂಸು ಬರೋಕೆ ಇನ್ನೂ ಒಂದೂವರೆ ಗಂಟೆ ಐತೆ. ಅಷ್ಟರಲ್ಲಿ ಹೇಳು.”

ವರ್ಷಕ್ಕೆ ಒಂದೇ ಅಳತೆ ಎನ್ನುವುದು ಊರಿನ ಕಟ್ಟಳೆ. ಅದನ್ನು ಸಡಿಲಿಸುವ ಅಧಿಕಾರ ಯಜಮಾನ ಸಿಂಗ್ರಯ್ಯನಿಗೆ ಮಾತ್ರ. ದೇವೀರಿಯನ್ನು ಅವಳ ಗಂಡನೂ ನೆರೆಯವರೂ ಮಂಚದ ಮೇಲೆ ಅಳತೆಮನೆಗೆ ಹೊತ್ತು ತರುವಷ್ಟರಲ್ಲಿ ನಾನು ಯಜಮಾನನನ್ನು ಕರೆದುಕೊಂಡು ಬಂದಿದ್ದೆ. ಸಿಂಗ್ರಯ್ಯ ಕೆಟ್ಟವನಲ್ಲ, ಹೆದರುಪುಕ್ಕಲ. ನೂರ ಆರು ತೋರಿಸಿದೆ, ಹೊಸ ಕಲೆ ತೋರಿಸಿದೆ. ಅವನು ಗಡ್ಡ ಕೆರೆದುಕೊಂಡ.

“ಹಿಂದೆ ಯಾವತ್ತಾದರೂ ಹಿಂಗಾಗಿತ್ತಾ?”

“ಅದ್ಯಾಕೆ ಈಗ?”

“ಆಗಿದ್ರೆ ಬ್ಯಾರೆ ಮಾತು. ಆಗಿಲ್ಲ ಅಂದ್ರೆ, ಮಗಳ ಕೂಸಿಗೋಸ್ಕರ ಸೂಲಗಿತ್ತಿಗೆ ಎರಡನೇ ಅಳತೆ ಕೊಟ್ರು ಅಂತಾರೆ ಜನ. ಪಟ್ಟಿ ಕಟ್ಟಿಸಿಕೊಂಡೋರು ಅರವತ್ತು ಜನ ಅವ್ರೆ ಊರಲ್ಲಿ. ನಾಳೆ ಎಲ್ಲರೂ ಬಾಗಿಲಿಗೆ ಬಂದ್ರೆ ನಾನೇನು ಹೇಳ್ಲಿ? ಊರ ಬಾಯಿ ಮುಚ್ಚೋಕಾಗ್ತದಾ?”

ಪಕ್ಕದ ಕೋಣೆಯಿಂದ ದೇವೀರಿಯ ನರಳಾಟ ಕೇಳುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೂವತ್ತೆಂಟು ವರ್ಷ ಹೆಗಲು ಮುಟ್ಟಿ ನೋಡಿಕೊಳ್ಳದೆ ಜಾಣತನದಿಂದ ಇದ್ದವಳು. ಕಪಾಟಿನ ಕೆಳಗಿನ ಸಾಲಿಗೆ ಕೈ ಹಾಕಿ, ಒಮ್ಮೆಯೂ ತೆರೆಯದ ಹಳೆಯ ಪುಸ್ತಕವನ್ನು ಎಳೆದೆ. ಪುಟ ಹುಡುಕಬೇಕಾಗಿ ಬರಲಿಲ್ಲ. ಆ ವರ್ಷದ ಕಡೆಯ ಅಳತೆ ಅದು ಎಂದು ನೆನಪಿತ್ತು.

ನನ್ನ ಅಪ್ಪ ಮಾದಯ್ಯ ಬುಟ್ಟಿಯ ಹಗ್ಗ ಹಿಡಿಯುತ್ತಿದ್ದವನು. ಅವನು ಎಳೆದರೆ ಬುಟ್ಟಿಯಲ್ಲಿ ಕೂತವರ ಮಡಿಲಿನ ಮಜ್ಜಿಗೆ ತುಳುಕುತ್ತಿರಲಿಲ್ಲ. ಅವ್ವ ಸತ್ತಿದ್ದಳು, ಹನಿ ಹಾಕುವ ಸರದಿ ನನ್ನದಾಯಿತು. ಅಂದು ಅಪ್ಪನ ಕಣ್ಣ ಕೆಳಗೆ ಕಪ್ಪಾಗಿತ್ತು, ಪಾಪ ಅನ್ನಿಸಿತು. ಬಟ್ಟಲಿನಲ್ಲಿರುವುದೂ ಅಪ್ಪನೇ ಅಲ್ಲವೆ, ಅವನ ಕೈ ನಾನೇಕೆ ಕಟ್ಟಲಿ ಎಂದುಕೊಂಡು ಹನಿಯನ್ನು ಅಂಚಿನಾಚೆ ಜಾರಿಸಿದೆ. ನಲವತ್ತನಾಲ್ಕು ಬಂತು. ಪಟ್ಟಿ ಕಟ್ಟಿದರು. ಆಮೇಲೆ ಹನ್ನೊಂದು ವರ್ಷ ಅವನು ಕಂದರದ ಬಾಗಿಲಿನ ಕಲ್ಲಿನ ಮೇಲೆ ಕೂತು, ಬೇರೆಯವರು ಹಗ್ಗ ಎಳೆಯುವುದನ್ನು ನೋಡುತ್ತ, ಬರಿಗೈ ಮುಚ್ಚುತ್ತ ತೆರೆಯುತ್ತ ಇದ್ದ. ಕೈ ಒಮ್ಮೆಯೂ ನಡುಗಲಿಲ್ಲ. “ಇನ್ನೂ ನಡುಕ ಬಂದಿಲ್ಲ ನೋಡು ಪುಟ್ಟಿ, ಬರ್ತದೆ” ಎನ್ನುತ್ತಿದ್ದ, ಅಳತೆಗೆ ಮರ್ಯಾದೆ ಕೊಡುವವನ ಹಾಗೆ. ಅವನು ಸತ್ತ ಐದು ವರ್ಷಕ್ಕೆ ನಾನು ಈ ಮನೆಯಲ್ಲಿ ಕೆಲಸ ಕಲಿತೆ, ತಡೆಹನಿ ಏನು ಮಾಡುತ್ತದೆ ಎಂದು ಕಲಿತೆ. ಆ ಪುಟವನ್ನು ಮಾತ್ರ ನೋಡಲಿಲ್ಲ. ಗೊತ್ತಿತ್ತು ಎನ್ನಲಾರೆ. ಗೊತ್ತಿರಲಿಲ್ಲ ಎಂದರೆ ಸುಳ್ಳು.

ಪುಟ ತೆರೆದು ಸಿಂಗ್ರಯ್ಯನ ಮುಂದಿಟ್ಟೆ. ನೂರು, ಆಮೇಲೆ ನೂರ ನಾಲ್ಕು, ಆಮೇಲೆ ತೊಂಬತ್ತೆರಡು. ಹಳೆಯ ಅಳತೆಗಾರರ ದುಂಡಗಿನ ಅಕ್ಷರ. ಒರೆಸುವ ಬಟ್ಟೆ ಎತ್ತಿ ಹಳೆಯ ಕಲೆ ತೋರಿಸಿದೆ.

“ಆಗಿತ್ತು. ಹನಿ ಹಾಕದೆ ಇದ್ದೋಳು ನಾನು” ಎಂದೆ.

ಸಿಂಗ್ರಯ್ಯ ಚಿಕ್ಕವನಿದ್ದಾಗ ನಮ್ಮಪ್ಪನ ಬುಟ್ಟಿಯಲ್ಲಿ ಶಾಲೆಗೆ ಹೋಗುತ್ತಿದ್ದವನು. ಪುಟವನ್ನು ನೋಡಿದ, ನನ್ನನ್ನು ನೋಡಿದ. ಪುಸ್ತಕ ಮುಚ್ಚಿ, “ಅಳಿ” ಎಂದ.

ಕೆಂಚಮ್ಮನ ಕೆನ್ನೆ ಕೆರೆದು ಬಟ್ಟಲಿಗೆ ಹಾಕಿದೆ. ಬಿಸಿಯ ಮೇಲೆ ಹಿಡಿದೆ. ಮಂಚವನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದು ದೇವೀರಿಯ ಕೈಗೆ ಹನಿಕೊಳವೆ ಕೊಟ್ಟೆ. ಒಂದು ನೋವು ಬಂತು, ಹಲ್ಲು ಕಚ್ಚಿದಳು. ನೋವು ಇಳಿಯುವ ತನಕ ಕಾದು, ಎಡಗೈಯಿಂದ ಬಲಗೈ ಹಿಡಿದುಕೊಂಡು ಬಟ್ಟಲಿನ ನಡುವಿಗೆ ಹನಿ ಬಿಟ್ಟಳು. ಅದು ಬಿದ್ದದ್ದನ್ನು ನಾವು ನಾಲ್ಕು ಜನ ನೋಡಿದೆವು. ಗಡಿಯಾರ ಮೂರು ಗಂಟೆ ಐದು ನಿಮಿಷ ತೋರಿಸುತ್ತಿತ್ತು.

ಮಂಚವನ್ನು ಪಕ್ಕದ ಕೋಣೆಗೆ ಸಾಗಿಸಿದರು. ಕೆಂಚಮ್ಮ ಅಲ್ಲಿಗೆ ಹೋಗಲಿಲ್ಲ. ನನ್ನ ಬೆನ್ನ ಹಿಂದೆ ನೆಲದ ಮೇಲೆ ಕೂತು, ಗೋಡೆಯಾಚೆಗಿನ ಮಗಳಿಗೆ ಇಲ್ಲಿಂದಲೇ ಹೇಳತೊಡಗಿದಳು. “ತಿಣುಕಬ್ಯಾಡ ಕಣೆ. ಉಸಿರು ಬುಡು. ಎಡಕ್ಕೆ ಹೊರಳಿ ಮಲಗು.” ಕೈ ಮಾತ್ರ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಹತ್ತು ನಿಮಿಷಕ್ಕೆ ಎಂಬತ್ತೆರಡು. ಏರಲಿಲ್ಲ. ಹನಿ ಸರಿಯಾಗಿ ಬಿದ್ದಿತ್ತು, ಆದರೆ ಅಂಕಿ ಸಾಕಷ್ಟು ಇಳಿದಿರಲಿಲ್ಲ. ಹದಿನೆಂಟರ ಕೆಂಚಮ್ಮನಾದರೆ ಇಷ್ಟು ಹೊತ್ತಿಗೆ ಎಪ್ಪತ್ತರ ಕೆಳಗಿರಬೇಕಿತ್ತು.

“ಎಷ್ಟು?”

“ಎಂಬತ್ತೆರಡು.”

ಅವಳಿಗೆ ಲೆಕ್ಕ ಬರುತ್ತದೆ.

ಇಪ್ಪತ್ತಕ್ಕೆ ಅರವತ್ತೇಳು. ಒಳಗಿನಿಂದ ದೇವೀರಿಯ ಗಂಡನ ತಾಯಿ ಓಡಿ ಬಂದಳು. “ನೀರು ಒಡೀತು ಕೆಂಚಮ್ಮ. ಪುಟ್ಟ ಕಾಲೊಂದು ಕೈಗೆ ಸಿಗ್ತಾ ಐತೆ. ನಿಮ್ಮ ಕಟ್ಟಳೆ ಹಾಳಾಗ, ಬಾ.” ಕೆಂಚಮ್ಮ ಅರ್ಧ ಎದ್ದಳು, ತನ್ನ ಬೆರಳುಗಳನ್ನೇ ನೋಡಿಕೊಂಡಳು, ಮತ್ತೆ ಕೂತಳು. “ಎಳೀಬ್ಯಾಡಿ. ಯಾರೂ ಎಳೀಬ್ಯಾಡಿ. ಬೆಚ್ಚಗಿನ ಬಟ್ಟೆ ಸುತ್ತಿ ಹಂಗೇ ಬುಡಿ” ಎಂದಳು. ಹಣೆಯ ಬೆವರು ಮೂಗಿನ ಮೇಲೆ ಇಳಿಯುತ್ತಿತ್ತು.

ಮೂವತ್ತಕ್ಕೆ ಐವತ್ತೈದು.

ಆ ಐದು ನಿಮಿಷ ನಾನು ಬದುಕಿರುವ ತನಕ ಮರೆಯುವುದಿಲ್ಲ. ಐವತ್ತು ಅನ್ನಬಹುದಿತ್ತು. ಪೆಟ್ಟಿಗೆಯೊಳಗೆ ನೋಡುವವಳು ನಾನೊಬ್ಬಳೇ, ಯಾರು ಕೇಳುತ್ತಿದ್ದರು? ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನಿಂದ ಕೆಂಚಮ್ಮ ಮೆಲ್ಲಗೆ, “ಪುಟ್ಟೀರಿ, ನನಗೆ ಪಾಪ ಅಂತ ಹೇಳಬ್ಯಾಡ. ಇದ್ದದ್ದು ಹೇಳು” ಎಂದಳು. ಪಾಪ ಅಂತ ನೋಡಿ ನಾನು ಒಬ್ಬನನ್ನು ಕಲ್ಲಿನ ಮೇಲೆ ಹನ್ನೊಂದು ವರ್ಷ ಕೂರಿಸಿದ್ದೆ. ಬಾಯಿ ಮುಚ್ಚಿಕೊಂಡು ಭೂತಗನ್ನಡಿಗೆ ಕಣ್ಣಿಟ್ಟೆ. ಒಳಗೆ ದೇವೀರಿ ಕೂಗಿದಳು. ಐವತ್ತರ ಚೂರನ್ನು ಬಟ್ಟಲಿನ ಪಕ್ಕಕ್ಕೆ ತಂದೆ. ಬಟ್ಟಲು ಇನ್ನೂ ಒಂದು ಎಳೆ ಹೆಚ್ಚು ಬೆಳಗುತ್ತಿತ್ತು. ಕಾದೆ. ಇನ್ನೂ ಒಂದು ಎಳೆ. ಕಣ್ಣಲ್ಲಿ ನೀರು ಬಂದರೆ ಕಾಣುವುದಿಲ್ಲ ಎಂದು ರೆಪ್ಪೆ ಹೊಡೆಯದೆ ನೋಡಿದೆ. ಚೂರೂ ಬಟ್ಟಲೂ ಒಂದೇ ಹಸಿರಾದವು. ತಲೆಯೆತ್ತಿ ಗಡಿಯಾರ ನೋಡಿದೆ. ಮೂರು ನಲವತ್ತು.

“ಮೂವತ್ತೈದು” ಎಂದೆ.

“ನಿಜವಾ?”

“ನಿಜ ಕಣೆ. ಹದಿನೆಂಟು ಹೋಯ್ತು, ಇನ್ನು ಬರಲ್ಲ. ಮೂವತ್ತೈದು.”

ಅವಳು ಎದ್ದಳು. ಬಿಸಿನೀರಿನಲ್ಲಿ ಮೊಣಕೈಯ ತನಕ ತೊಳೆದುಕೊಂಡು ಒಳಗೆ ಹೋದಳು. ನನಗೆ ಹೋಗುವ ಧೈರ್ಯ ಬರಲಿಲ್ಲ. ಸಿಂಗ್ರಯ್ಯನೂ ನಾನೂ ಪೆಟ್ಟಿಗೆಯ ಮುಂದೆ ನಿಂತಿದ್ದೆವು. ತುಂಬ ಹೊತ್ತಾಯಿತು ಅನ್ನಿಸಿತು, ಗಡಿಯಾರದ ಪ್ರಕಾರ ಹದಿನೇಳು ನಿಮಿಷ. ಆಮೇಲೆ ಕೂಸು ಅತ್ತಿತು. ಹೆಣ್ಣು. ಎಡಗಾಲು ನೀಲಿಗಟ್ಟಿತ್ತು, ಕೆಂಚಮ್ಮ ಉಜ್ಜಿ ಉಜ್ಜಿ ಕೆಂಪು ಮಾಡಿದಳು. ಹೊಕ್ಕುಳ ಕಟ್ಟುವಾಗ ದಾರ ಒಂದು ಸಲ ಜಾರಿತಂತೆ, ಅದನ್ನು ಅವಳೇ ಬಂದು ನನಗೆ ಹೇಳಿದಳು. “ಮುಂದಿನ ವರ್ಷ ದಾಟ್ತೀನಿ ಅನ್ನಿಸ್ತದೆ. ಅಷ್ಟರಲ್ಲಿ ಇವಳಿಗೆ ಕೆಲಸ ಕಲಿಸ್ತೀನಿ” ಎಂದು ಮಗಳ ಕಡೆ ಕೈ ತೋರಿಸಿದಳು.

ಸಿಂಗ್ರಯ್ಯ ಹೆದರಿದ್ದೇ ಆಯಿತು. ಮರುದಿನ ಬೆಳಿಗ್ಗೆ ಅಳತೆಮನೆಯ ಜಗಲಿಯ ತುಂಬ ಬಿಳಿಪಟ್ಟಿಯವರು. ನನ್ನ ವಿಷಯ ಆಗಲೇ ಊರಿಗೆಲ್ಲ ಗೊತ್ತಾಗಿತ್ತು. ಉಗಿಯುವವರು ಉಗಿದರು, ಸರಿಯಾಗಿಯೇ ಉಗಿದರು. ಆದರೂ ಅವರ ಪುಟ ತೆಗೆದು ಓದಲು ಬೇರೆ ಯಾರಿಗೂ ಬರುವುದಿಲ್ಲ. ಮೊದಲು ನಿಂತಿದ್ದವನು ಬೋರಜ್ಜ, ಮೊದಲು ಊರಿನ ಕ್ಷೌರಿಕನಾಗಿದ್ದವನು, ಹದಿನಾಲ್ಕು ವರ್ಷದಿಂದ ಪಟ್ಟಿಯವನು. ಅವನಿಗೆ ಹನಿ ಹಾಕಿದವಳು ಹೆಂಡತಿ, ಅವಳೂ ತೀರಿಕೊಂಡು ವರ್ಷಗಳಾಗಿವೆ. ಪುಟ ತೆಗೆದೆ. ನೂರು, ಎಂಬತ್ತಾರು, ಎಪ್ಪತ್ತನಾಲ್ಕು. ನೇರ ಇಳಿದಿತ್ತು.

“ಹನಿ ಬಿದ್ದೈತೆ ಅಜ್ಜ. ನಿಂದು ಸರಿಯಾಗೇ ಐತೆ.”

ಅವನ ಕೈ ಆಗಲೇ ನಡುಗುತ್ತಿತ್ತು, ಹೇಳಬೇಕಾಗಿಯೂ ಇರಲಿಲ್ಲ. ಪಟ್ಟಿಯನ್ನು ಸರಿಮಾಡಿಕೊಂಡ. “ಇರ್ಲಿ ಬುಡು. ಅವಳು ನನ್ನ ಮುಖ ನೋಡ್ತಾ ಹಾಕಿದ್ಲು. ಹನಿ ಸರಿಯಾಗಿ ಬುಡಲಿಲ್ಲ ಅಂತ ಅವತ್ತು ಎಷ್ಟು ಬೈದಿದ್ದೆ ಅವಳನ್ನ” ಎಂದು ಹೇಳಿ ಕೋಲೂರಿಕೊಂಡು ಹೋದ.

ಮೂರು ದಿನದಲ್ಲಿ ಅರವತ್ತು ಪುಟ ನೋಡಿದೆ. ಏರಿದ್ದು ನಾಲ್ಕರಲ್ಲಿ, ನಾಲ್ಕೂ ನಾನು ಅಳತೆಗಾರ್ತಿಯಾಗುವ ಮೊದಲಿನವು. ಆ ನಾಲ್ವರನ್ನು ಮತ್ತೆ ಅಳೆದೆವು, ಮೂವರ ಪಟ್ಟಿಯನ್ನು ಸಿಂಗ್ರಯ್ಯ ಎಲ್ಲರ ಎದುರಿಗೆ ಬಿಚ್ಚಿದ. ಪಟ್ಟಿಯ ಕೆಳಗಿನ ಚರ್ಮ ಮಾತ್ರ ಬೆಳ್ಳಗೆ ಎಳೆಗೂಸಿನದರ ಹಾಗಿತ್ತು. ಕಡೆಗೆ ಅವನು ಹಳೆಯ ಪುಸ್ತಕವನ್ನು ಎಳೆದುಕೊಂಡು, “ಮಾದಣ್ಣನ ಪಟ್ಟಿನೂ ಬಿಚ್ಚಿದಂಗೇ ಅಂತ ಬರೆದುಬುಡು ಪುಟ್ಟೀರಮ್ಮ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಬರೆಯಲು ಪೆನ್ನು ಎತ್ತಿಕೊಂಡೆ. ಅಪ್ಪನನ್ನು ಮಣ್ಣು ಮಾಡುವ ದಿನ ಯಾರೋ ಪಟ್ಟಿ ಬಿಚ್ಚಲು ಹೋಗಿದ್ದರು. ಅಪ್ಪ ಅಳತೆಗೆ ಅಷ್ಟು ಮರ್ಯಾದೆ ಕೊಟ್ಟವನು, ಅದು ಅವನ ಕೈಯಲ್ಲೇ ಇರಲಿ ಎಂದು ತಡೆದವಳು ನಾನು. ಸಡಿಲವಾಗಿದ್ದ ಗಂಟನ್ನು ಬಿಗಿ ಮಾಡಿ ಕಟ್ಟಿ ಕಳಿಸಿದ್ದೆ.